ಸೆನ್ಸರ್ ಬದಲಿಸಿದರೂ ಆರದ ದೀಪ: ಒಂದು ಡೀಸೆಲ್ ಕಾರಿನ ಪ್ರಕರಣ

2025ರ ಜುಲೈ ತಿಂಗಳು. ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಪುಣೆ ಹತ್ತಿರ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಗ್ಯಾರೇಜಿನ ಮುಂದೆ ಒಂದು ಬಿಳಿ ಡೀಸೆಲ್ ಕಾರು ಬಂದು ನಿಂತಿತು. ಓಡಿಸಿಕೊಂಡು ಬಂದವರು ಧಾರವಾಡದ ಕಡೆಯ ನಿವೃತ್ತ ಮಾಸ್ತರರು. ಈಗ ನಿಗಡಿಯಲ್ಲಿ ಮಗನ ಮನೆಯಲ್ಲಿರುತ್ತಾರೆ. ಗ್ಯಾರೇಜಿನವರು ಬೆಳಗಾವಿ ಕಡೆಯವರು ಅಂತ ಯಾರೋ ಹೇಳಿದ್ದರಂತೆ, ಅದಕ್ಕೇ ಹುಡುಕಿಕೊಂಡು ಬಂದಿದ್ದರು.

ಇಳಿದವರೇ ಕೇಳಿದ ಮೊದಲ ಮಾತು: "ತಮ್ಮಾ, ಇದರ ಹೊಟ್ಟೀನ ಬದಲೀ ಮಾಡಬೇಕಂತ. ಒಂದು ಲಕ್ಷ ಅರವತ್ತೆರಡು ಸಾವಿರ ಹೇಳ್ಯಾರ. ಖರೇ ಏನು?"

ಹೊಟ್ಟೆ ಅಂದರೆ ಡಿಪಿಎಫ್. ಡೀಸೆಲ್ ಹೊಗೆಯಲ್ಲಿರುವ ಮಸಿಯನ್ನು ಹಿಡಿದಿಡುವ ಫಿಲ್ಟರ್. ಆ ಹೆಸರು ನನಗೆ ಹಿಡಿಸಿತು, ಯಾಕಂದರೆ ಅದು ನಿಜಕ್ಕೂ ಹೊಟ್ಟೆಯ ಹಾಗೇ ಕೆಲಸ ಮಾಡುತ್ತದೆ. ತುಂಬಿಕೊಳ್ಳುತ್ತದೆ, ಸಮಯಕ್ಕೆ ಸರಿಯಾಗಿ ಖಾಲಿಯಾಗಬೇಕು, ಆಗದಿದ್ದರೆ ಇಡೀ ಗಾಡಿ ಸುಸ್ತಾಗುತ್ತದೆ.

ಕಾರಿನ ಹಿನ್ನೆಲೆ ಹೇಳುತ್ತೇನೆ. 2021ರ ಮಾಡೆಲ್, 1.5 ಲೀಟರ್ ಡೀಸೆಲ್, ಬಿಎಸ್6 (ಹೊಗೆಯ ಮಿತಿಯ ಹೊಸ ನಿಯಮ), ಓಡಿದ್ದು 46,200 ಕಿಲೋಮೀಟರ್. ಆಡ್‌ಬ್ಲೂ (ಹೊಗೆ ಶುದ್ಧ ಮಾಡುವ ದ್ರವ) ಟ್ಯಾಂಕ್ ಇಲ್ಲದ ಮಾದರಿ. ಮೊದಲು ಮಗ ದಿನಾ ಹಿಂಜವಡಿಗೆ ಓಡಿಸುತ್ತಿದ್ದ. ಈಗ ಅವನಿಗೆ ಮನೆಯಿಂದಲೇ ಕೆಲಸ. ಹಾಗಾಗಿ ಕಾರು ಮಾಸ್ತರರ ಕೈಗೆ ಬಂದಿದೆ. ಬೆಳಗ್ಗೆ ಮೊಮ್ಮಗಳನ್ನು ಆಕುರ್ಡಿಯ ಶಾಲೆಗೆ ಬಿಡುವುದು, ಮಧ್ಯಾಹ್ನ ಕರೆತರುವುದು. ಒಂದು ಸಲಕ್ಕೆ ಮೂರು ಕಿಲೋಮೀಟರ್. ಎಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಶಾಲೆ ಬಂದಿರುತ್ತದೆ. ಇದರ ಜೊತೆಗೆ ವರ್ಷಕ್ಕೆ ಐದಾರು ಸಲ ಧಾರವಾಡ.

ಮೇ ಕೊನೆಯಲ್ಲಿ ಹಾಗೆ ಧಾರವಾಡಕ್ಕೆ ಹೋಗಿ ಬಂದ ಮೇಲೆ ಚೆಕ್ ಲೈಟ್ ಹತ್ತಿಕೊಂಡಿತು. ಮೊದಲು ಹೋದ ಗ್ಯಾರೇಜಿನವರು ಸ್ಕ್ಯಾನರ್ ಹಚ್ಚಿ ದೋಷದ ಕೋಡ್ ಅಳಿಸಿ ಕಳಿಸಿದರು. ನಾಲ್ಕು ದಿನಕ್ಕೆ ದೀಪ ಮತ್ತೆ ಬಂತು. ಎರಡನೆಯವರು ಡಿಪಿಎಫ್‌ನ ಪ್ರೆಶರ್ ಸೆನ್ಸರ್ ಹೋಗಿದೆ ಅಂದು 5,600 ರೂಪಾಯಿಗೆ ಹೊಸದು ಹಾಕಿದರು. ಹನ್ನೊಂದು ದಿನ ಚೆನ್ನಾಗಿತ್ತು. ಹನ್ನೆರಡನೇ ದಿನ ಭಕ್ತಿ ಶಕ್ತಿ ಚೌಕದ ಹತ್ತಿರ ಚೆಕ್ ಲೈಟಿನ ಜೊತೆ ಇನ್ನೊಂದು ದೀಪವೂ ಹತ್ತಿ ಪಿಕಪ್ ಪೂರ್ತಿ ಸತ್ತುಹೋಯಿತು, ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿದೆ, ಮುಂದೆ ಗಾಡಿ ಏಳುತ್ತಿಲ್ಲ, ಹಿಂದಿನ ಸೀಟಿನಲ್ಲಿ ಮೊಮ್ಮಗಳು ಅಳುತ್ತಿದ್ದಾಳೆ. ಮಾಸ್ತರರು ಇದನ್ನು ಹೇಳುವಾಗ ಅವರ ಕೈ ಸಣ್ಣಗೆ ನಡುಗುತ್ತಿತ್ತು. ಮೂರನೆಯವರು ನೋಡಿ ಡಿಪಿಎಫ್ಫೇ ಬದಲಿಸಬೇಕು ಅಂದರು. ಇದರ ನಡುವೆ ಪರಿಚಯದವರೊಬ್ಬರು ಇನ್ನೊಂದು ಸಲಹೆ ಕೊಟ್ಟಿದ್ದರು. ಡಿಪಿಎಫ್ ಒಳಗಿನ ಜೇನುಗೂಡನ್ನು ಒಡೆದು ತೆಗೆದು, ಖಾಲಿ ಡಬ್ಬಿ ಬೆಸುಗೆ ಹಾಕಿ, ಈಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸಾಫ್ಟ್‌ವೇರ್ ತಿದ್ದಿಸಿಬಿಡಿ, ಇಪ್ಪತ್ತು ಸಾವಿರದಲ್ಲಿ ಮುಗಿಯುತ್ತದೆ ಅಂತ.

ಆ ಕೆಲಸ ನಾನು ಮಾಡುವುದಿಲ್ಲ. ಕಾನೂನಿಗೆ ವಿರುದ್ಧ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಅದಕ್ಕಿಂತ ದೊಡ್ಡದು. ನಾನು ಹದಿನಾರನೇ ವಯಸ್ಸಿನಿಂದ ಡೀಸೆಲ್ ಪಂಪ್ ರಿಪೇರಿ ಅಂಗಡಿಯಲ್ಲಿ ಬೆಳೆದವನು. ಸಂಜೆ ಮುಖ ತೊಳೆದರೆ ಮೂಗಿನಿಂದ ಕಪ್ಪು ನೀರು ಬರುತ್ತಿತ್ತು. ಬಿಎಸ್4 ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂವರೆಗೆ ಕಣಗಳನ್ನು ಉಗುಳಬಹುದಿತ್ತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6ನಲ್ಲಿ ಆ ಮಿತಿ 4.5 ಮಿಲಿಗ್ರಾಂ. ನೈಟ್ರೋಜನ್ ಆಕ್ಸೈಡ್ ಮಿತಿ 250ರಿಂದ 80 ಮಿಲಿಗ್ರಾಂಗೆ ಇಳಿಯಿತು. ಇಷ್ಟು ಇಳಿದದ್ದು ಈ ಡಬ್ಬಿಗಳಿಂದ, ಅವುಗಳನ್ನು ಕಾಯುವ ಸೆನ್ಸರ್‌ಗಳಿಂದ. ಅದನ್ನು ಕಿತ್ತೆಸೆದು ಶಾಲೆಯ ಗೇಟಿನ ಮುಂದೆ ಹೊಗೆ ಬಿಡು ಅಂತ ನಾನು ಯಾರಿಗೂ ಹೇಳಲಾರೆ.

"ಮಾಸ್ತರ, ಎರಡು ದಿನ ಗಾಡಿ ಬಿಟ್ಟು ಹೋಗ್ರಿ. ಅಳೀದೆ ಏನೂ ಬದಲೀ ಮಾಡಂಗಿಲ್ಲ" ಅಂದೆ. ಅವರು ಒಪ್ಪಿದರು. ಹೋಗುವ ಮುಂಚೆ ಡಿಕ್ಕಿಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಕೊಟ್ಟರು. ಹಿಂದೆ ಬಿಚ್ಚಿದ ಹಳೆ ಪ್ರೆಶರ್ ಸೆನ್ಸರ್ ಅದರಲ್ಲಿತ್ತು. ಹಳೆ ಪಾರ್ಟ್ ವಾಪಸ್ ಇಸಿದುಕೊಂಡಿದ್ದರು. ಮೇಸ್ಟ್ರ ಶಿಸ್ತು. ಈ ಪ್ರಕರಣದಲ್ಲಿ ಅದು ತುಂಬಾ ಉಪಯೋಗಕ್ಕೆ ಬಂತು.

ಮುಂದೆ ಹೋಗುವ ಮುಂಚೆ ಯಾವ ಸೆನ್ಸರ್ ಏನು ಮಾಡುತ್ತದೆ ಅಂತ ಸ್ವಲ್ಪ ಹೇಳಬೇಕು. ಡಿಪಿಎಫ್‌ನಲ್ಲಿ ಮಸಿ ತುಂಬುತ್ತಾ ಹೋದಂತೆ ಅದರ ಮುಂದೆ ಒತ್ತಡ ಜಾಸ್ತಿಯಾಗುತ್ತದೆ, ಹಿಂದೆ ಕಡಿಮೆ ಇರುತ್ತದೆ. ಫಿಲ್ಟರಿನ ಎರಡೂ ಕಡೆಯಿಂದ ಒಂದೊಂದು ಸಣ್ಣ ಪೈಪ್ ಪ್ರೆಶರ್ ಸೆನ್ಸರಿಗೆ ಬರುತ್ತವೆ. ಸೆನ್ಸರ್ ಆ ವ್ಯತ್ಯಾಸವನ್ನು ಅಳೆದು ಈಸಿಯುಗೆ ಹೇಳುತ್ತದೆ. ತುಂಬಿದೆ ಅನ್ನಿಸಿದಾಗ ಈಸಿಯು ರೀಜನರೇಷನ್ ಶುರು ಮಾಡುತ್ತದೆ. ಅಂದರೆ ಸ್ವಲ್ಪ ಹೆಚ್ಚು ಡೀಸೆಲ್ ಚಿಮ್ಮಿಸಿ ಸೈಲೆನ್ಸರಿನ ಬಿಸಿಯನ್ನು 600 ಡಿಗ್ರಿಯ ಆಸುಪಾಸಿಗೆ ಏರಿಸಿ ಮಸಿಯನ್ನು ಸುಡುತ್ತದೆ. ಈ ಬಿಸಿ ಹತೋಟಿಯಲ್ಲಿದೆಯಾ ಅಂತ ನೋಡುವುದು ಟೆಂಪರೇಚರ್ ಸೆನ್ಸರ್‌ಗಳು. ಅವುಗಳಲ್ಲಿ ಒಂದು ಕೈಕೊಟ್ಟರೂ ಈಸಿಯು ಸುಡುವ ಕೆಲಸಕ್ಕೆ ಕೈ ಹಾಕುವುದಿಲ್ಲ. ಹಾಕಲೂಬಾರದು, ಕಣ್ಣು ಕಟ್ಟಿಕೊಂಡು ಬೆಂಕಿ ಹಚ್ಚಿದ ಹಾಗಾಗುತ್ತದೆ.

ಸ್ಕ್ಯಾನರ್ ಹಚ್ಚಿದಾಗ ಮೂರು ಕೋಡ್ ಬಂದವು. ಪಿ2453, ಪ್ರೆಶರ್ ಸೆನ್ಸರಿನ ಅಳತೆ ನಂಬುವಂತಿಲ್ಲ ಅಂತ. ಪಿ2463, ಮಸಿ ಅತಿಯಾಗಿ ತುಂಬಿದೆ ಅಂತ. ಪಿ2031, ಎರಡನೇ ಟೆಂಪರೇಚರ್ ಸೆನ್ಸರಿನ ಸರ್ಕ್ಯೂಟ್‌ನಲ್ಲಿ ದೋಷ ಅಂತ. ಮೂರನೆಯದು ಬಂದು ಹೋಗುವ ಕೋಡ್, ಆ ಹೊತ್ತಿಗೆ ಇರಲಿಲ್ಲ, ನೆನಪಿನಲ್ಲಿ ಮಾತ್ರ ಇತ್ತು. ಹಿಂದಿನವರು ಇದನ್ನು ಕಡೆಗಣಿಸಿದ್ದು ಅದಕ್ಕೇ ಇರಬೇಕು. ಕೋಡ್‌ನಲ್ಲಿ ಸೆನ್ಸರಿನ ಹೆಸರು ಇದೆ ಅಂದ ಮಾತ್ರಕ್ಕೆ ಸೆನ್ಸರ್ ಕೆಟ್ಟಿದೆ ಅಂತಲ್ಲ. ಆ ದಾರಿಯಲ್ಲಿ ಎಲ್ಲೋ ತೊಂದರೆ ಇದೆ ಅಂತ ಅಷ್ಟೇ. ದಾರಿಯಲ್ಲಿ ಪೈಪ್ ಇದೆ, ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಇದೆ, ವೈರಿಂಗ್ ಇದೆ, ಕೊನೆಗೆ ಸೆನ್ಸರ್ ಇದೆ.

ಕೋಡ್‌ಗಿಂತ ಜಾಸ್ತಿ ಮಾತಾಡಿದ್ದು ಸ್ಕ್ಯಾನರಿನ ಇನ್ನೊಂದು ಪುಟ. ಕೊನೆಯ ಸಲ ರೀಜನರೇಷನ್ ಪೂರ್ತಿ ಆಗಿ 1,140 ಕಿಲೋಮೀಟರ್ ಆಗಿತ್ತು. ಅದಾದ ಮೇಲೆ ಶುರುವಾಗಿ ಅರ್ಧಕ್ಕೆ ನಿಂತದ್ದು ಒಂಬತ್ತು ಸಲ.

ಇಲ್ಲಿ ಕೂತು ಲೆಕ್ಕ ಹಾಕಿದೆ. ಧಾರವಾಡದಿಂದ ವಾಪಸ್ ಬಂದ ಮೇಲೆ ಊರೊಳಗೆ ಓಡಿದ್ದು ಹತ್ತಿರ ಹತ್ತಿರ 540. ವಾಪಸ್ ಬಂದ ದಾರಿ 420. ಧಾರವಾಡದಲ್ಲಿ ತಿರುಗಾಡಿದ್ದು 30 ಅಂತ ಮಾಸ್ತರರು ಫೋನಿನಲ್ಲಿ ಹೇಳಿದರು. ಉಳಿದದ್ದು 150. ಅಂದರೆ ಕೊನೆಯ ಸಲ ಮಸಿ ಪೂರ್ತಿ ಸುಟ್ಟಿದ್ದು ಹೋಗುವ ದಾರಿಯಲ್ಲಿ, ನಿಪ್ಪಾಣಿಯ ಆಸುಪಾಸು. ಆಮೇಲೆ 420 ಕಿಲೋಮೀಟರ್ ಹೈವೇಯಲ್ಲಿ ವಾಪಸ್ ಬಂದರೂ ಒಂದು ಸಲವೂ ಪೂರ್ತಿ ಆಗಿಲ್ಲ. ಊರೊಳಗೆ ಮೂರು ಮೂರು ಕಿಲೋಮೀಟರ್ ಓಡಿಸುವುದರಿಂದ ಡಿಪಿಎಫ್ ಕಟ್ಟುತ್ತದೆ, ಅದು ನಿಜ, ಎಲ್ಲರೂ ಮಾಸ್ತರರಿಗೆ ಅದನ್ನೇ ಹೇಳಿ ಬೈದಿದ್ದರು. ಆದರೆ ಹೈವೇಯಲ್ಲೂ ಸುಡದಿದ್ದರೆ ಅದು ಓಡಿಸುವವರ ತಪ್ಪಲ್ಲ. ಏನೋ ತಡೆಯುತ್ತಿದೆ.

ಪ್ರೆಶರ್ ಸೆನ್ಸರಿನಿಂದ ಶುರು ಮಾಡಿದೆ. ಚಾವಿ ಆನ್, ಎಂಜಿನ್ ಆಫ್. ಎರಡೂ ಕಡೆ ಹೊರಗಿನ ಗಾಳಿಯೇ ಇರುವುದರಿಂದ ಸೊನ್ನೆ ತೋರಿಸಬೇಕು. 1 ಹೆಕ್ಟೋಪಾಸ್ಕಲ್ (ಒತ್ತಡದ ಅಳತೆ) ತೋರಿಸಿತು, ಸರಿ ಇದೆ. ಎಂಜಿನ್ ಶುರು ಮಾಡಿದರೆ 3. ನಿಧಾನಕ್ಕೆ 3,000 ಆರ್‌ಪಿಎಂಗೆ ಏರಿಸಿದೆ. ಮಸಿ ತುಂಬಿದ ಫಿಲ್ಟರ್ ಆದರೆ ಸಂಖ್ಯೆ ಧಡಧಡ ಏರಬೇಕಿತ್ತು. 4ರಲ್ಲೇ ಕೂತಿತ್ತು. ಮಸಿ ತುಂಬಿದೆ ಅಂತ ಒಂದು ಲೆಕ್ಕ ಹೇಳುತ್ತಿದೆ, ಒತ್ತಡವೇ ಇಲ್ಲ ಅಂತ ಸೆನ್ಸರ್ ಹೇಳುತ್ತಿದೆ. ಸೆನ್ಸರ್ ಹೊಸದು, ಸೊನ್ನೆಯೂ ಸರಿಯಾಗಿ ತೋರಿಸುತ್ತಿದೆ. ಹಾಗಾದರೆ ಒತ್ತಡ ಅದರವರೆಗೆ ಬರುತ್ತಲೇ ಇಲ್ಲ.

ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿದೆವು. ಫಿಲ್ಟರಿನ ಮುಂದಿನ ಕಡೆಯಿಂದ ಒಂದು ಕಬ್ಬಿಣದ ಸಣ್ಣ ಪೈಪ್, ಅದಕ್ಕೆ ರಬ್ಬರ್ ಹೋಸ್, ಹೋಸಿನ ತುದಿಯಲ್ಲಿ ಸೆನ್ಸರ್. ಹೋಸ್ ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು. ಕ್ಲಿಪ್ ಸರಿಸಿ ಎಳೆದೆ. ಕ್ಲಿಪ್ ಕೂತಿದ್ದ ಜಾಗದಲ್ಲೇ ಉದ್ದಕ್ಕೆ ಸೀಳು, ಉಗುರು ಸಿಗುವಷ್ಟು. ಒಳಗೆ ಕಾಡಿಗೆಯ ಹಾಗೆ ಕರ‍್ರಗಿನ ಗಟ್ಟಿ ಮುದ್ದೆ. ಸೈಲೆನ್ಸರಿನಲ್ಲಿ ಹುಟ್ಟುವ ನೀರಿನ ಪಸೆ ಮತ್ತು ಮಸಿ ಸೇರಿ ಹೀಗೆ ಆಗುತ್ತದೆ, ಬಿಸಿಯೇ ಆಗದ ಗಾಡಿಗಳಲ್ಲಿ ಜಾಸ್ತಿ. ನಮ್ಮ ಹುಡುಗ, ಇಂಡಿ ತಾಲೂಕಿನವನು, ಆ ಮುದ್ದೆಯನ್ನು ಬೆರಳಿನಿಂದ ತೆಗೆದು ನೋಡಿ "ಅಣ್ಣಾ, ಇದು ಸೆನ್ಸರ್ ಬದಲೀ ಮಾಡಿದವ್ರ ಕಣ್ಣಿಗೆ ಬೀಳಲಿಲ್ಲೇನ?" ಅಂದ. ಅವರು ಹೋಸಿನ ಈ ಕಡೆಯ ತುದಿ ಬಿಚ್ಚಿ ಹಾಕಿದ್ದಾರೆ, ಆ ಕಡೆಯ ತುದಿ ಬಿಚ್ಚಿಲ್ಲ. ಅಷ್ಟೇ ವ್ಯತ್ಯಾಸ.

ಕಬ್ಬಿಣದ ಪೈಪಿನ ಒಳಗೆ ಗಟ್ಟಿ ತಂತಿ ಆಡಿಸಿ ಬಿಡಿಸಿದೆವು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹೋಸ್ ಸೆನ್ಸರಿಗೆ ಜೋಡಿಸಿರುವಾಗ ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಒಳಗಿನ ತೆಳು ಪರದೆ ಒಂದೇ ಏಟಿಗೆ ಹರಿದುಹೋಗುತ್ತದೆ. ಹೊಸ ಹೋಸ್ ಕೂಡ ಬಿಸಿ ಹೊಗೆ ಮತ್ತು ಎಣ್ಣೆ ತಡೆಯುವ ಜಾತಿಯದೇ ಇರಬೇಕು. ವೈಪರ್ ನೀರಿನ ಪೈಪ್ ಕತ್ತರಿಸಿ ಹಾಕಿದ ಗಾಡಿಗಳನ್ನು ನೋಡಿದ್ದೇನೆ, ಎರಡು ತಿಂಗಳಿಗೆ ಕರಗಿ ಅಂಟಿಕೊಂಡಿರುತ್ತದೆ. ಎರಡು ಹೋಸ್‌ಗಳನ್ನು ಅದಲು ಬದಲು ಮಾಡಬಾರದು. ಬಿಚ್ಚುವ ಮುಂಚೆ ಮುಂದಿನದಕ್ಕೆ ಒಂದು ಗುರುತು ಹಾಕಿಕೊಳ್ಳಿ.

ಹೊಸ ಹೋಸ್ ಹಾಕಿ ಮತ್ತೆ 3,000 ಆರ್‌ಪಿಎಂ. ಈ ಸಲ 138 ಹೆಕ್ಟೋಪಾಸ್ಕಲ್. ಫಿಲ್ಟರ್ ನಿಜಕ್ಕೂ ತುಂಬಿದೆ, ಈಗ ಗಾಡಿಗೆ ಅದು ಗೊತ್ತಾಗುತ್ತಿದೆ.

ಆಮೇಲೆ ಮಾಸ್ತರರ ಚೀಲದ ಹಳೆ ಸೆನ್ಸರ್ ತೆಗೆದೆ. ಅದಕ್ಕೆ 5 ವೋಲ್ಟ್ ಕೊಟ್ಟು, ಸಿಗ್ನಲ್ ಕಾಲಿಗೆ ಮೀಟರ್ ಹಿಡಿದೆ. 0.6 ವೋಲ್ಟ್. ಸೂಜಿ ಇಲ್ಲದ ಒಂದು ಸಿರಿಂಜಿಗೆ ತುಂಡು ಪೈಪ್ ಸಿಕ್ಕಿಸಿ ಸೆನ್ಸರಿನ ಮುಂದಿನ ಬಾಯಿಗೆ ಹಾಕಿ ಮೆಲ್ಲಗೆ ಒತ್ತಿದೆ. ಮೀಟರಿನ ಅಂಕಿ ನನ್ನ ಹೆಬ್ಬೆರಳಿನ ಜೊತೆಗೇ ಏರಿತು. 0.9, 1.3, 1.8. ಬಿಟ್ಟರೆ ಮೆತ್ತಗೆ ಇಳಿದು ಮತ್ತೆ 0.6ಕ್ಕೆ ಬಂದು ನಿಂತಿತು. ಹತ್ತು ಸಲ ಮಾಡಿದೆ, ಹತ್ತೂ ಸಲ ಅದೇ. ಏನೂ ಆಗದ ಸೆನ್ಸರನ್ನು ಬಿಚ್ಚಿ 5,600 ರೂಪಾಯಿ ತೆಗೆದುಕೊಂಡಿದ್ದರು. ಹೊಸದನ್ನು ಹಾಕಿದ ಮೇಲೆ ಸ್ಕ್ಯಾನರಿನಿಂದ ಮಾಡಬೇಕಾದ ರೀಸೆಟ್ಟನ್ನೂ ಮಾಡಿರಲಿಲ್ಲ. ಈಸಿಯು ಹಳೆಯದರ ಲೆಕ್ಕದಲ್ಲೇ ಹೊಸದನ್ನು ಓದುತ್ತಿತ್ತು. ಅದನ್ನು ನಾನು ಮಾಡಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಮಾಸ್ತರರು ಹದಿನೈದು ದಿನಕ್ಕೆ ವಾಪಸ್ ಬರುತ್ತಿದ್ದರು. ಯಾಕಂದರೆ ಹೋಸ್ ಸೀಳಿದ್ದು ಫಿಲ್ಟರ್ ತುಂಬಿದ್ದನ್ನು ಮರೆಮಾಚಿತ್ತು, ಆದರೆ ತುಂಬುವಂತೆ ಮಾಡಿದ್ದು ಅದಲ್ಲ. ಶುರುವಾದ ರೀಜನರೇಷನ್ ಒಂಬತ್ತು ಸಲ ನಡುವೆ ಯಾಕೆ ನಿಂತಿತು?

ಗಾಡಿಯನ್ನು ರಾತ್ರಿ ಹಾಗೇ ಬಿಟ್ಟೆವು. ಟೆಂಪರೇಚರ್ ಸೆನ್ಸರ್ ಪರೀಕ್ಷೆಗೆ ತಣ್ಣಗಿರುವ ಗಾಡಿಗಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ, ದುಡ್ಡೂ ಬೇಡ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಲ್ಲಾ ಸೆನ್ಸರ್‌ಗಳೂ ಹೊರಗಿನ ಹವೆಯ ಬಿಸಿಯನ್ನೇ ಹೇಳಬೇಕು ಅಲ್ವಾ? ಬೆಳಗ್ಗೆ ಎಂಜಿನ್ ಶುರು ಮಾಡದೆ ಚಾವಿ ಮಾತ್ರ ಆನ್ ಮಾಡಿದೆ. ಕೂಲಂಟ್ 25 ಡಿಗ್ರಿ. ಒಳಗೆ ಹೋಗುವ ಗಾಳಿ 25. ಮೊದಲನೇ ಎಕ್ಸಾಸ್ಟ್ ಸೆನ್ಸರ್ 26. ಎರಡನೆಯದು 79.

ಸಿಕ್ಕಿತು ಅಂದುಕೊಂಡೆ. ಆದರೂ ಕಪ್ಲರ್ ಬಿಚ್ಚಿ ಅಳೆದೆ. ಈ ಕಾರಿನಲ್ಲಿರುವುದು ಪ್ಲಾಟಿನಂ ಜಾತಿಯ ಸೆನ್ಸರ್. ಅದರ ವಿದ್ಯುತ್ ತಡೆ ಸೊನ್ನೆ ಡಿಗ್ರಿಯಲ್ಲಿ 200 ಓಮ್, ಬಿಸಿಯಾದಂತೆ ಏರುತ್ತದೆ. 25 ಡಿಗ್ರಿಗೆ 220ರ ಹತ್ತಿರ ಇರಬೇಕು. ಮೀಟರ್ 261 ತೋರಿಸಿತು. ವೈರಿಂಗ್ ಕಡೆ ಬರುವ ವೋಲ್ಟೇಜ್ ಸರಿ ಇತ್ತು, ಅರ್ತ್ ಸರಿ ಇತ್ತು, ಕಪ್ಲರ್ ಒಳಗೆ ಪಾಚಿ ಹಿಡಿದಿರಲಿಲ್ಲ. ಸೆನ್ಸರಿನ ಬುಡವನ್ನು ಹೀಟ್ ಗನ್ನಿನಿಂದ ಬಿಸಿ ಮಾಡುತ್ತಾ ವೈರನ್ನು ಸ್ವಲ್ಪ ಅಲುಗಾಡಿಸಿದೆ. 270, 300, ಒಮ್ಮೆಲೇ 900, ಆಮೇಲೆ ಸಂಪರ್ಕವೇ ಇಲ್ಲ. ವೈರು ಲೋಹದ ಕೊಳವೆಯೊಳಗೆ ಹೋಗುವ ಜಾಗದಲ್ಲಿ ಒಳಗೇ ಬಿಟ್ಟುಕೊಂಡಿತ್ತು. ತಣ್ಣಗಿದ್ದಾಗ ಐವತ್ತು ಡಿಗ್ರಿ ಜಾಸ್ತಿ ಹೇಳುತ್ತದೆ, ಬಿಸಿಯಾಗಿ ಗಾಡಿ ನಡುಗಿದಾಗ ಪೂರ್ತಿ ಕೈಬಿಡುತ್ತದೆ. ರೀಜನರೇಷನ್ ಶುರುವಾಗಿ ಬಿಸಿ ಏರುವ ಹೊತ್ತಿಗೇ ಸೆನ್ಸರ್ ಹುಚ್ಚು ಅಂಕಿ ಹೇಳುತ್ತದೆ, ಈಸಿಯು ಹೆದರಿ ನಿಲ್ಲಿಸುತ್ತದೆ. ಒಂಬತ್ತು ಸಲ.

ಯಾಕೆ ಕೆಟ್ಟಿತು ಅಂತ ಸಾಬೀತು ಮಾಡಲು ನನ್ನ ಕೈಲಿ ಆಗುವುದಿಲ್ಲ. ಆದರೆ ಒಂದು ಅನುಮಾನ ಇದೆ. ಧಾರವಾಡ ತಲುಪಿದ ತಕ್ಷಣ ಗಾಡಿಗೆ ಕೆಸರು ಹಿಡಿದಿದೆ ಅಂತ ವಾಷಿಂಗ್ ಸೆಂಟರಿಗೆ ಹೋಗಿ ಅಡಿಭಾಗವನ್ನೆಲ್ಲ ಪ್ರೆಶರ್ ನೀರಿನಿಂದ ತೊಳೆಸಿದ್ದರಂತೆ. 420 ಕಿಲೋಮೀಟರ್ ಓಡಿ ಕಾದ ಸೈಲೆನ್ಸರಿಗೆ ತಣ್ಣೀರಿನ ಹೊಡೆತ. ನಿಪ್ಪಾಣಿ ಹತ್ತಿರ ರೀಜನರೇಷನ್ ಸರಿಯಾಗಿ ಆಗಿತ್ತು, ಧಾರವಾಡ ಬಿಟ್ಟ ಮೇಲೆ ಒಂದೂ ಆಗಲಿಲ್ಲ. ಲೆಕ್ಕ ಕೂಡುತ್ತದೆ. ದೂರ ಓಡಿಸಿ ಬಂದಮೇಲೆ ಒಂದು ತಾಸಾದರೂ ಬಿಟ್ಟು ತೊಳೆಸಿ ಅಂತ ಈಗ ಎಲ್ಲರಿಗೂ ಹೇಳುತ್ತೇನೆ.

ಹೊಸ ಸೆನ್ಸರ್ ತರುವಾಗ ನನ್ನಿಂದಲೂ ಒಂದು ತಪ್ಪಾಯಿತು. ಪುಣೆಯ ನಾನಾ ಪೇಠೆಯ ಬಿಡಿಭಾಗಗಳ ಅಂಗಡಿಗೆ ಹೋಗಿ ಹಳೆಯದರ ಫೋಟೋ ತೋರಿಸಿ, ಅದೇ ಕಪ್ಲರ್, ಅದೇ ಉದ್ದ, ಅದೇ ಥ್ರೆಡ್ ಇರುವುದನ್ನು 2,900 ರೂಪಾಯಿಗೆ ತಂದೆ. ಗಾಡಿಗೆ ಹಾಕುವ ಮುಂಚೆ ಮೀಟರ್ ಹಿಡಿದರೆ ಓಮ್ ಲೆಕ್ಕದಲ್ಲಿ ಬರಬೇಕಾದದ್ದು ಕಿಲೋಓಮ್ ಲೆಕ್ಕದಲ್ಲಿ ಬಂತು. ಅದು ಬೇರೆ ಜಾತಿಯದು, ಬಿಸಿಯಾದಂತೆ ಓಮ್ ಇಳಿಯುವಂಥದ್ದು. ನೋಡಲು ಅಣ್ಣತಮ್ಮಂದಿರ ಹಾಗಿವೆ, ಮಾತು ಪೂರ್ತಿ ಉಲ್ಟಾ. ಅರ್ಧ ದಿನ ಹೋಯಿತು. ವಾಪಸ್ ಕೊಟ್ಟು, ಪಾರ್ಟ್ ನಂಬರಿನ ಕೊನೆಯ ಅಕ್ಷರದವರೆಗೂ ಹೊಂದಿಸಿ ಕಂಪನಿಯದನ್ನೇ 7,400ಕ್ಕೆ ತರಿಸಿದೆ. ಬಂದ ಮೇಲೆ ಟೀ ಕಾಯಿಸುವ ಪಾತ್ರೆಯಲ್ಲಿ ನೀರು ಕುದಿಸಿ ತುದಿಯನ್ನು ಅದ್ದಿ ನೋಡಿದೆ. 276 ಓಮ್. ಪುಣೆಯ ಎತ್ತರಕ್ಕೆ ನೀರು 98 ಡಿಗ್ರಿಯ ಹತ್ತಿರ ಕುದಿಯುತ್ತದೆ, ಹಾಗಾಗಿ ಸರಿಯಾದ ಉತ್ತರ.

ಹಳೆಯದನ್ನು ಬಿಚ್ಚುವುದೇ ನಿಜವಾದ ಕೆಲಸ. ನಾಲ್ಕು ವರ್ಷ ಕಾದು ಕಾದು ಥ್ರೆಡ್ ಅಂಟಿಕೊಂಡಿರುತ್ತದೆ. ಜೋರು ಮಾಡಿದರೆ ಸೆನ್ಸರ್ ತುಂಡಾಗುತ್ತದೆ, ಇಲ್ಲವೇ ಡಿಪಿಎಫ್ ಡಬ್ಬಿಯ ಥ್ರೆಡ್ಡೇ ಕಿತ್ತು ಬರುತ್ತದೆ, ಆಗ ಏಳು ಸಾವಿರದ ಕೆಲಸ ಮತ್ತೆ ಲಕ್ಷದ ಕೆಲಸವಾಗುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದೆವು. ಬೆಳಗ್ಗೆ ಎಂಜಿನ್ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ವೈರಿಗೆ ಜಾಗ ಬಿಡುವ ಸೀಳು ಸಾಕೆಟ್ ಹಾಕಿ, ಒಂದು ಚೂರು ಬಿಚ್ಚು, ಅರ್ಧ ಚೂರು ಬಿಗಿ ಮಾಡು, ಮತ್ತೆ ಎಣ್ಣೆ, ಮತ್ತೆ ಒಂದು ಚೂರು. ಮೊದಲ ಸಲ 'ಕಿರ್' ಅಂದಾಗ ಹುಡುಗ ಉಸಿರು ಹಿಡಿದು ನಿಂತಿದ್ದ. ನಲವತ್ತು ನಿಮಿಷ ಹಿಡಿಯಿತು. ಥ್ರೆಡ್ ಉಳಿಯಿತು. ಅದರಲ್ಲಿ ಥ್ರೆಡ್ ಸರಿ ಮಾಡುವ ಟ್ಯಾಪ್ ಆಡಿಸಿ ಚೊಕ್ಕ ಮಾಡಿದೆವು.

ಹೊಸದನ್ನು ಹಾಕುವಾಗ ಥ್ರೆಡ್ಡಿಗೆ ಮಾತ್ರ ಬಿಸಿ ತಡೆಯುವ ಗ್ರೀಸ್, ತುದಿಗೆ ಒಂದು ಹನಿಯೂ ತಾಗಬಾರದು. ಮೊದಲು ಕೈಯಿಂದ ತಿರುಗಿಸಿ ಕೂರಿಸಿ, ಆಮೇಲೆ ಟಾರ್ಕ್ ಪಾನಾದಿಂದ ಕಂಪನಿ ಹೇಳಿದಷ್ಟು ಬಿಗಿ. ವೈರು ತಿರುಚಿಕೊಳ್ಳಬಾರದು. ಹಳೆಯ ಕ್ಲಿಪ್‌ಗಳಲ್ಲೇ ಕೂರಿಸಬೇಕು, ಇಲ್ಲವಾದರೆ ಎರಡು ತಿಂಗಳಿಗೆ ಸೈಲೆನ್ಸರಿಗೆ ತಾಗಿ ಸುಡುತ್ತದೆ. ಹಳೆ ವೈರು ಕತ್ತರಿಸಿ ಹೊಸ ಸೆನ್ಸರಿಗೆ ಜೋಡಿಸಿ ಟೇಪ್ ಸುತ್ತುವ ಕೆಲಸ ಬೇಡವೇ ಬೇಡ. ಆ ಜೋಡಣೆಯೇ ಮುಂದೆ ಹತ್ತು ಓಮ್ ಸೇರಿಸುತ್ತದೆ.

ಇನ್ನು ಸುಡುವುದು ಬಾಕಿ. ಅದಕ್ಕೂ ಮುಂಚೆ ಆಯಿಲ್ ಗೇಜ್ ಎಳೆದು ನೋಡಿದೆ. ಮೇಲಿನ ಗೆರೆ ದಾಟಿ ಒಂದು ಬೆರಳು ಮೇಲೆ, ಮೂಸಿದರೆ ಡೀಸೆಲ್ ವಾಸನೆ. ಅರ್ಧಕ್ಕೆ ನಿಂತ ರೀಜನರೇಷನ್‌ಗಳಲ್ಲಿ ಚಿಮ್ಮಿದ ಡೀಸೆಲ್ಲಿನ ಒಂದಿಷ್ಟು ಭಾಗ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲ್ ಸೇರುತ್ತದೆ. ಆಯಿಲ್ ತೆಳ್ಳಗಾಗುತ್ತದೆ, ಮಟ್ಟ ಏರುತ್ತದೆ. ಇದನ್ನು ನೋಡದೆ ರೀಜನರೇಷನ್ ಮಾಡಿಸುವುದು ಅಪಾಯ. ಹಳೆ ಆಯಿಲ್ ಪೂರ್ತಿ ಇಳಿಸಿ, ಡಿಪಿಎಫ್ ಗಾಡಿಗೆ ಬೇಕಾದ ಕಡಿಮೆ ಬೂದಿಯ ಆಯಿಲ್ ಹಾಕಿದೆವು. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ, ಅದು ಫಿಲ್ಟರಿನಲ್ಲೇ ಉಳಿಯುತ್ತದೆ. ತಪ್ಪು ಆಯಿಲ್ ಹಾಕಿದರೆ ಫಿಲ್ಟರಿನ ಆಯಸ್ಸು ಅಷ್ಟು ಬೇಗ ಮುಗಿಯುತ್ತದೆ.

ಮಸಿಯ ಪ್ರಮಾಣ ಕಂಪನಿ ಹೇಳಿದ ಮಿತಿಯೊಳಗೆ ಇದೆ ಅಂತ ಖಾತ್ರಿ ಮಾಡಿಕೊಂಡು, ಭಾನುವಾರ ಪಕ್ಕದ ಖಾಲಿ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಒಣ ಹುಲ್ಲು ಕಸ ಏನೂ ಇಲ್ಲದ ಜಾಗ ನೋಡಿ, ಹಿಂದೆ ಯಾರೂ ನಿಲ್ಲದ ಹಾಗೆ ಮಾಡಿ, ಸ್ಕ್ಯಾನರಿನಿಂದ ಶುರು ಮಾಡಿದೆ. ಮಾಸ್ತರರೂ ಬಂದಿದ್ದರು. ಎಂಜಿನ್ ತಾನೇ ವೇಗ ಏರಿಸಿಕೊಂಡಿತು, ಫ್ಯಾನ್ ಜೋರಾಯಿತು. ಎರಡನೇ ಸೆನ್ಸರ್ 300, 420, 540, ಆಮೇಲೆ 590ರಿಂದ 610ರ ನಡುವೆ ಅಲುಗಾಡದೆ ನಿಂತಿತು. ಒಂದು ಸಲವೂ ಜಿಗಿಯಲಿಲ್ಲ. ಮಾಸ್ತರರು ಸ್ಕ್ಯಾನರಿನ ಪರದೆಯನ್ನೇ ನೋಡುತ್ತಿದ್ದರು, ಪರೀಕ್ಷೆಯ ರಿಸಲ್ಟ್ ನೋಡುವವರ ಹಾಗೆ. ಇಪ್ಪತ್ತಾರನೇ ನಿಮಿಷಕ್ಕೆ ಮುಗಿಯಿತು. ತಣ್ಣಗಾದ ಮೇಲೆ ಮತ್ತೆ 3,000 ಆರ್‌ಪಿಎಂ. 138 ಇದ್ದದ್ದು 41. ಬಿಸಾಕಬೇಕು ಅಂದಿದ್ದ ಫಿಲ್ಟರ್ ಇದೇ.

ಖರ್ಚು ಹೀಗಾಯಿತು. ಹೋಸ್ 680, ಟೆಂಪರೇಚರ್ ಸೆನ್ಸರ್ 7,400, ಆಯಿಲ್ ಮತ್ತು ಫಿಲ್ಟರ್ 5,200, ಕೂಲಿ 3,500. ಒಟ್ಟು 16,780 ರೂಪಾಯಿ. ನಾನಾ ಪೇಠೆಗೆ ಓಡಾಡಿದ್ದನ್ನು ಬಿಲ್ಲಿಗೆ ಹಾಕಲಿಲ್ಲ, ಅದು ನನ್ನ ತಪ್ಪು.

ಮಾಸ್ತರರು ಕೇಳಿದ ಒಂದು ಪ್ರಶ್ನೆಗೆ ಇಲ್ಲೂ ಉತ್ತರ ಬರೆಯುತ್ತೇನೆ, ತುಂಬಾ ಜನ ಕೇಳುತ್ತಾರೆ. "ಪಿಯುಸಿ ಪಾಸ್ ಆಗಿತ್ತಲ್ಲ, ಆಗ ಯಾಕ ಗೊತ್ತಾಗಲಿಲ್ಲ?" ಪಿಯುಸಿ ಅಂದರೆ ಗಾಡಿಯ ಹೊಗೆ ತಪಾಸಣೆ. ಅದರಲ್ಲಿ ಡೀಸೆಲ್ ಗಾಡಿಗೆ ನೋಡುವುದು ಹೊಗೆಯ ದಟ್ಟಣೆ ಮಾತ್ರ. ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆಯಲ್ಲಿ ಬಿಎಸ್6ಗೆ ಮಿತಿ ಮೀಟರಿಗೆ 0.7, ಬಿಎಸ್4ಗೆ 1.62. ಫಿಲ್ಟರ್ ಕಟ್ಟಿಕೊಂಡಿದ್ದರೂ ಮಸಿ ಹಿಡಿಯುವುದನ್ನು ಬಿಟ್ಟಿರುವುದಿಲ್ಲ, ಹಾಗಾಗಿ ಹೊಗೆ ಕಡಿಮೆಯೇ ಬರುತ್ತದೆ, ಪಾಸ್ ಆಗುತ್ತದೆ. ನೈಟ್ರೋಜನ್ ಆಕ್ಸೈಡನ್ನು ಅಲ್ಲಿ ಅಳೆಯುವುದೇ ಇಲ್ಲ. ಈಸಿಯು ಒಳಗಿನ ಕೋಡನ್ನೂ ಕೇಳುವುದಿಲ್ಲ. ಪಿಯುಸಿ ಚೀಟಿ ಇದೆ ಅಂತ ಹತ್ತಿರುವ ದೀಪವನ್ನು ಬಿಟ್ಟು ಕೂರಬೇಡಿ.

ಓಡಿಸುವ ಬಗ್ಗೆ ಅವರಿಗೆ ಎರಡೇ ಮಾತು ಹೇಳಿದೆ. ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಬೇಗ ನಿಗಡಿಯಿಂದ ದೇಹು ರೋಡ್ ದಾಟಿ ತಳೇಗಾಂವ್‌ವರೆಗೆ ಒಂದೇ ವೇಗದಲ್ಲಿ ಹೋಗಿ ಬನ್ನಿ. ನಿಂತಾಗ ಎಂಜಿನ್ ಸದ್ದು ಸ್ವಲ್ಪ ಜಾಸ್ತಿ ಇದ್ದು, ಫ್ಯಾನ್ ಓಡುತ್ತಿದ್ದು, ಸುಟ್ಟ ವಾಸನೆ ಬಂದರೆ ಒಳಗೆ ಮಸಿ ಸುಡುತ್ತಿದೆ ಅಂತ ಅರ್ಥ, ಆಗ ಮನೆ ಬಂದರೂ ಆಫ್ ಮಾಡದೆ ಇನ್ನೊಂದು ಹದಿನೈದು ಇಪ್ಪತ್ತು ನಿಮಿಷ ಓಡಿಸಿ.

ಮೂರು ವಾರ ಬಿಟ್ಟು ಕರೆಸಿ ನೋಡಿದೆ. 610 ಕಿಲೋಮೀಟರ್ ಓಡಿತ್ತು. ಅದರ ನಡುವೆ ಒಂದು ರೀಜನರೇಷನ್ ತಾನಾಗೇ ಶುರುವಾಗಿ ತಾನಾಗೇ ಮುಗಿದಿತ್ತು, ಅರ್ಧಕ್ಕೆ ನಿಂತದ್ದು ಸೊನ್ನೆ. ಕೋಡ್ ಇಲ್ಲ. ಬೆಳಗಿನ ತಣ್ಣನೆ ಗಾಡಿಯಲ್ಲಿ ಎರಡೂ ಎಕ್ಸಾಸ್ಟ್ ಸೆನ್ಸರ್ 24 ಡಿಗ್ರಿ. ಆಯಿಲ್ ಮಟ್ಟ ಗೆರೆಯಲ್ಲೇ ಇತ್ತು. ಹಳೆ ಪ್ರೆಶರ್ ಸೆನ್ಸರಿನ ಮೇಲೆ ಮಾರ್ಕರ್‌ನಿಂದ 'ಚೆನ್ನಾಗಿದೆ, ಪರೀಕ್ಷೆ ಆಗಿದೆ' ಅಂತ ಬರೆದು ಅದೇ ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿಟ್ಟೆ. ಮುಂದಿನ ಪರೀಕ್ಷೆ ಮಾಸ್ತರರು ದೀಪಾವಳಿಗೆ ಧಾರವಾಡಕ್ಕೆ ಹೋಗಿ ಬಂದ ಮೇಲೆ.